ಚಳಿಜ್ವರ, ಹಳದಿ ಮಾತ್ರೆ ಮತ್ತು ‘ತಲೆ ಕೆಟ್ಟೋನು’ ಅನ್ನೋ ಹೆಸರು

1/8
ಫೋಟೋ: ಕಿಕ್ಕೇರಿ ಕೆರೆ ಏರಿ, ಸಂಜೆ ಹೊತ್ತು.

ಕೆ.ಎಸ್. ನರಸಿಂಹಸ್ವಾಮಿಯವರು ಹುಟ್ಟಿದ ಊರು, ಬ್ರಹ್ಮೇಶ್ವರ ದೇವಸ್ಥಾನದ ಊರು ಅಂತ ಈ ಪೇಜಲ್ಲಿ ಬೇಕಾದಷ್ಟು ಬರೆದಿದೀನಿ. ಈ ಸಲದ ಇತಿಹಾಸ ಮಾತ್ರೆಗಳದ್ದು. ಕಾರಣ ನಮ್ಮ ಮನೇಲೇ ನಡೆದ ಒಂದು ವಿಷಯ.

ನಮ್ಮ ಮಾವ ಒಬ್ರಿಗೆ ಉಸಿರಾಟದ ತೊಂದರೆ ಜಾಸ್ತಿಯಾಗಿ ಸ್ಟೀರಾಯ್ಡ್ ಮಾತ್ರೆ ಬರೆದುಕೊಟ್ಟಿದ್ರು. ಉಸಿರು ಸರಿಹೋಯ್ತು. ಆದ್ರೆ ನಾಲ್ಕನೇ ದಿನದಿಂದ ನಿದ್ದೆ ಇಲ್ಲ. ರಾತ್ರಿಯೆಲ್ಲ ಮಾತು. ಆರನೇ ದಿನ, ಅತ್ತೆ ಊಟಕ್ಕೆ ಏನೋ ಬೆರೆಸ್ತಿದಾಳೆ ಅಂತ ತಟ್ಟೆ ಎಸೆದ್ರು. ಗಾಳಿ ಸೋಕಿದೆ ಅಂದ್ರು ಎಲ್ಲರೂ. ತಾಯತ ಕಟ್ಟಿಸಿದ್ದಾಯ್ತು. ಹತ್ತು ದಿನ ಹಂಗೇ ಹೋಯ್ತು. ಕೊನೆಗೆ ಬೇರೆ ಡಾಕ್ಟ್ರು ಒಬ್ರು ಹಳೇ ಚೀಟಿ ತರಿಸಿ ಎರಡೇ ಪ್ರಶ್ನೆ ಕೇಳಿದ್ರು: ಮಾತ್ರೆ ಯಾವತ್ತು ಶುರುವಾಯ್ತು? ಈ ಮಾತು ಯಾವತ್ತು ಶುರುವಾಯ್ತು? ಆಮೇಲೆ ಡೋಸ್ ನಿಧಾನಕ್ಕೆ ಇಳಿಸಿದ್ರು. ಮೂರು ವಾರಕ್ಕೆ ಮಾವ ಮೊದಲಿನ ಹಾಗಾದ್ರು.

ಊರಲ್ಲಿ ಮಾತ್ರ ಇವತ್ತಿಗೂ ಅವರಿಗೆ ‘ತಲೆ ಕೆಟ್ಟೋನು’ ಅಂತಲೇ ಹೆಸರು. ಅದಕ್ಕೇ ಈ ಸರಣಿ.

2/8
ಫೋಟೋ: ಶ್ರೀರಂಗಪಟ್ಟಣದ ಕೋಟೆ ಗೋಡೆ, ಕೆಳಗೆ ಕಾವೇರಿ.

ಔಷಧಿಯೇ ಮನಸ್ಸನ್ನ ಕದಡಬಹುದು ಅನ್ನೋ ದೊಡ್ಡ ಪಾಠಗಳಲ್ಲಿ ಒಂದು ಜಗತ್ತಿಗೆ ಸಿಕ್ಕಿದ್ದು ಚಳಿಜ್ವರದ, ಅಂದ್ರೆ ಮಲೇರಿಯಾದ ಮಾತ್ರೆಗಳಿಂದ. ಈ ಜ್ವರಕ್ಕೂ ನಮ್ಮ ಸೀಮೆಗೂ ಹಳೇ ನಂಟು.

1799ರ ಮೇ 4ರಂದು ಟಿಪ್ಪು ಸುಲ್ತಾನ್ ಸತ್ತ ಮೇಲೆ ಇಂಗ್ಲಿಷರು ಶ್ರೀರಂಗಪಟ್ಟಣದಲ್ಲೇ ತಮ್ಮ ಪಡೆ ಇಟ್ರು. ಯುದ್ಧದಲ್ಲಿ ಗೆದ್ದೋರು ಜ್ವರಕ್ಕೆ ಸೋತ್ರು. ಸಿಪಾಯಿಗಳು ಮಲಗೋದು ನಿಲ್ಲಲೇ ಇಲ್ಲ. 1809ರಲ್ಲಿ ಪಡೆಯನ್ನ ಬೆಂಗಳೂರಿಗೆ ಸಾಗಿಸಿದ್ರು. ಬೆಂಗಳೂರಿನ ದಂಡು ಪ್ರದೇಶ ಹುಟ್ಟೋಕೆ ನಮ್ಮ ಕಡೆ ಸೊಳ್ಳೆಗಳೂ ಒಂದು ಕಾರಣ ಕಣ್ರಪ್ಪಾ!

ನೂರು ವರ್ಷ ದಾಟಿದ ಮೇಲೆ, 1911ರಲ್ಲಿ ಕನ್ನಂಬಾಡಿ ಕಟ್ಟೆ ಕೆಲಸ ಶುರುವಾಯ್ತು. 1930ರ ದಶಕದ ಆರಂಭದಲ್ಲಿ ಇರ್ವಿನ್ ನಾಲೆಗೆ, ಅಂದ್ರೆ ಈಗಿನ ವಿಶ್ವೇಶ್ವರಯ್ಯ ನಾಲೆಗೆ, ನೀರು ಬಂತು. ರಾಗಿ ಹೊಲಗಳು ಭತ್ತದ ಗದ್ದೆ, ಕಬ್ಬಿನ ತೋಟ ಆದ್ವು. ನಿಂತ ನೀರಲ್ಲಿ ಸೊಳ್ಳೆ, ಸೊಳ್ಳೆ ಜೊತೆ ಚಳಿಜ್ವರ. ಶ್ರೀರಂಗಪಟ್ಟಣದ ಹತ್ರ ಇರೋ ನಾಗೇನಹಳ್ಳಿಯಲ್ಲಿ ಮೈಸೂರು ಸರ್ಕಾರ ರಾಕ್‌ಫೆಲರ್ ಫೌಂಡೇಷನ್ ಜೊತೆ ಸೇರಿ ಮಲೇರಿಯಾ ಕೇಂದ್ರ ನಡೆಸಿತ್ತು. ಮಕ್ಕಳ ಹೊಟ್ಟೆ ಮುಟ್ಟಿ, ಜ್ವರಗಡ್ಡೆ ಎಷ್ಟು ಜನಕ್ಕಿದೆ ಅಂತ ಎಣಿಸೋದು ಆ ಕಾಲದ ಲೆಕ್ಕ. ಹೊಟ್ಟೆಯ ಲೆಕ್ಕ ಇತ್ತು. ಮನಸ್ಸಿನ ಲೆಕ್ಕ ಇನ್ನೂ ಎಲ್ಲೂ ಶುರುವಾಗಿರಲಿಲ್ಲ.

3/8
ಫೋಟೋ: ನಡುವಟ್ಟಂ ಬೆಟ್ಟ. ಗುಂಡ್ಲುಪೇಟೆ ದಾಟಿ, ಗೂಡಲೂರು ಮೇಲೆ ಊಟಿಗೆ ಹೋಗೋರು ನೋಡಿರ್ತೀರ.

ಆಗ ಇದ್ದ ಮದ್ದು ಒಂದೇ, ಕ್ವಿನೈನ್. ದಕ್ಷಿಣ ಅಮೆರಿಕದ ಸಿಂಕೋನಾ ಮರದ ತೊಗಟೆಯಿಂದ ಬರೋದು. 1860ರ ದಶಕದಿಂದ ಇಂಗ್ಲಿಷರು ಅದನ್ನ ನೀಲಗಿರಿಯಲ್ಲಿ ಬೆಳೆಸಿದ್ರು. ನಡುವಟ್ಟಂನಲ್ಲಿ ಸರ್ಕಾರಿ ಕ್ವಿನೈನ್ ಕಾರ್ಖಾನೆಯೇ ಇತ್ತು. ಬ್ರಿಟಿಷ್ ಇಂಡಿಯಾದಲ್ಲಿ ಅಂಚೆ ಕಚೇರಿಗಳಲ್ಲೂ ಕ್ವಿನೈನ್ ಪೊಟ್ಟಣ ಮಾರ್ತಿದ್ರು.

ಹೆಚ್ಚಾದ್ರೆ ಕಿವಿಯಲ್ಲಿ ಗುಂಯ್ ಅನ್ನೋ ಸದ್ದು, ತಲೆ ಸುತ್ತು. ತೀರಾ ಹೆಚ್ಚಾದ್ರೆ ಗಲಿಬಿಲಿ, ಬಡಬಡಿಕೆ. ಆದ್ರೆ ಚಳಿಜ್ವರ ತಲೆಗೇರಿದಾಗಲೂ ಮನುಷ್ಯ ಬಡಬಡಿಸ್ತಾನೆ. ಹಂಗಾದ್ರೆ ಇದು ಜ್ವರವೋ, ಮದ್ದೋ? ಯಾರು ಹೇಳೋದು? ಮುಂದಿನ ಕಥೆಯೆಲ್ಲ ಈ ಒಂದು ಪ್ರಶ್ನೆಯದ್ದೇ.

4/8
ಫೋಟೋ: ಒಂದು ಚಿಟಿಕೆ ಅರಿಶಿನ. ಮಾತ್ರೆಯ ಫೋಟೋ ಸಿಗಲಿಲ್ಲ, ಬಣ್ಣ ಇದೇ ಥರ ಅಂದ್ಕೊಳ್ಳಿ.

ಕ್ವಿನೈನ್‌ಗೆ ಮರ ಬೇಕು. ಮರ ಇಲ್ಲದ ಜರ್ಮನಿಯವರು 1930ರ ದಶಕದ ಆರಂಭದಲ್ಲಿ ಪ್ರಯೋಗಾಲಯದಲ್ಲೇ ಒಂದು ಮಾತ್ರೆ ತಯಾರು ಮಾಡಿದ್ರು. ಹೆಸರು ಅಟೆಬ್ರಿನ್, ಇನ್ನೊಂದು ಹೆಸರು ಮೆಪಾಕ್ರಿನ್. ಹಳದಿ ಬಣ್ಣದ ಮಾತ್ರೆ. ತಿಂಗಳುಗಟ್ಟಲೆ ತಗೊಂಡ್ರೆ ಮೈಚರ್ಮವೂ ಹಳದಿ.

1942ರ ಮಾರ್ಚ್‌ನಲ್ಲಿ ಜಪಾನ್ ಜಾವಾ ದ್ವೀಪವನ್ನ ಹಿಡೀತು. ಜಗತ್ತಿನ ಸಿಂಕೋನಾದ ಬಹುಪಾಲು ಬರ್ತಿದ್ದದ್ದೇ ಅಲ್ಲಿಂದ. ಕ್ವಿನೈನ್ ನಿಂತುಹೋಯ್ತು. ಅಸ್ಸಾಂ, ಬರ್ಮಾ ಕಾಡಲ್ಲಿ ಗುಂಡಿಗಿಂತ ಜ್ವರವೇ ಜಾಸ್ತಿ ಸೈನಿಕರನ್ನ ಮಲಗಿಸ್ತಿತ್ತು. ಹದಿನಾಲ್ಕನೇ ಸೇನೆಯಲ್ಲಿ ಹೆಚ್ಚಿನವರು ನಮ್ಮ ಭಾರತದ ಸೈನಿಕರೇ. ಅದರ ದಂಡನಾಯಕ ವಿಲಿಯಂ ಸ್ಲಿಮ್, ತನ್ನ ಪಡೆಗೆ ಮೆಪಾಕ್ರಿನ್ ನುಂಗಿಸದ ಅಧಿಕಾರಿಗಳನ್ನ ಕೆಲಸದಿಂದಲೇ ತೆಗೆದ. ಅಷ್ಟು ಕಟ್ಟುನಿಟ್ಟು.

ಮಾತ್ರೆ ಕೆಲಸ ಮಾಡ್ತು. ಇದನ್ನ ಮರೀಬೇಡಿ. ಅದು ಉಳಿಸಿದ ಜೀವಗಳು ಕಮ್ಮಿ ಅಲ್ಲ.

5/8
ಫೋಟೋ: ಅಟ್ಲಾಸ್ ಪುಟ. ಅಸ್ಸಾಮಿನ ಮಾರ್ಗರೀಟಾ ಊರಿಗೆ ಪೆನ್ಸಿಲ್ ಗುರುತು.

ಮಾರ್ಗರೀಟಾದಲ್ಲಿ ಅಮೆರಿಕ ಸೇನೆಯ ಒಂದು ದೊಡ್ಡ ಆಸ್ಪತ್ರೆ ಇತ್ತು. ಜ್ವರ ಇಳಿದು ಇನ್ನೇನು ಹುಷಾರಾದ ಅನ್ನೋ ಹೊತ್ತಿಗೆ ಕೆಲವರಿಗೆ ನಿದ್ದೆ ಹೋಗೋದು. ಬಿಡದೆ ಮಾತು, ಚಡಪಡಿಕೆ, ಇಲ್ಲದ್ದು ಕಾಣೋದು, ಯಾರೋ ಕೊಲ್ಲೋಕೆ ಬರ್ತಿದಾರೆ ಅನ್ನೋ ಭಯ. ಯುದ್ಧದ ಹೆದರಿಕೆ ಅಂತ ಸುಮ್ಮನಾಗಬಹುದಿತ್ತು. ಹೇಡಿ ಅಂತ ಹಣೆಪಟ್ಟಿ ಹಚ್ಚಬಹುದಿತ್ತು.

ಗ್ಯಾಸ್ಕಿಲ್ ಮತ್ತು ಫಿಟ್ಜ್-ಹ್ಯೂ ಅನ್ನೋ ಇಬ್ಬರು ಡಾಕ್ಟ್ರು ಸುಮ್ಮನಾಗಲಿಲ್ಲ, ಲೆಕ್ಕ ಇಟ್ರು. ಅಟೆಬ್ರಿನ್ ಕೊಟ್ಟ 7,604 ರೋಗಿಗಳಲ್ಲಿ 35 ಮಂದಿಗೆ ಹೀಗಾಗಿತ್ತು. 1945ರಲ್ಲಿ ಅದನ್ನ ಪ್ರಕಟಿಸಿದ್ರು. ಸಾವಿರಕ್ಕೆ ಐದು ಜನವೂ ಅಲ್ಲ. ಮಾತ್ರೆ ನಿಂತ ಮೇಲೆ ಇಂಥವರಲ್ಲಿ ಹೆಚ್ಚಿನವರು ಕೆಲವು ವಾರಗಳಲ್ಲಿ ಸರಿಯಾಗ್ತಿದ್ರು.

ಈ ಎರಡೂ ವಿಷಯ ಒಟ್ಟಿಗೆ ನೆನಪಿಡಿ. ಒಂದು, ಇದು ಅಪರೂಪ. ಎರಡು, ಇದು ನಿಜ. ಅಪರೂಪ ಅಂತ ಇಲ್ಲ ಅನ್ನೋ ಹಾಗಿಲ್ಲ, ನಿಜ ಅಂತ ಎಲ್ಲಾ ಮಾತ್ರೆಗೂ ಹೆದರೋ ಹಾಗಿಲ್ಲ.

6/8
ಫೋಟೋ: ಮನೆಗೋಡೆ ಮೇಲೆ ಸೊಳ್ಳೆಮದ್ದು ಹೊಡೆದವರು ಬರೆದಿರೋ ಹಳೇ ಅಂಕಿ.

ಯುದ್ಧ ಮುಗಿದ ಮೇಲೆ ಹಳದಿ ಮಾತ್ರೆ ಜಾಗಕ್ಕೆ ಕ್ಲೋರೋಕ್ವಿನ್ ಬಂತು. 1953ರಲ್ಲಿ ದೇಶದಾದ್ಯಂತ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಗಿ, ಹಳ್ಳಿಹಳ್ಳಿಗೆ ಡಿಡಿಟಿ ಬಂತು. ಕಹಿ ಕ್ಲೋರೋಕ್ವಿನ್ ಮಾತ್ರೆ ನಿಮ್ಮ ಅಜ್ಜಿ ತಾತಂಗೂ ನೆನಪಿರುತ್ತೆ, ಕೇಳಿ ನೋಡಿ. ಅದರಿಂದಲೂ ಕೆಲವರಿಗೆ, ಮಕ್ಕಳಿಗೂ ಸೇರಿ, ಮನಸ್ಸು ಕದಡಿದ್ದನ್ನ ನಮ್ಮ ದೇಶದ ಡಾಕ್ಟ್ರುಗಳೇ ಬರೆದಿಟ್ಟಿದಾರೆ.

ಆಮೇಲೆ ಮೆಫ್ಲೋಕ್ವಿನ್. ಅಮೆರಿಕದಲ್ಲಿ 1989ರಲ್ಲಿ ಒಪ್ಪಿಗೆ ಸಿಕ್ತು. ಕೆಟ್ಟ ಕನಸು, ಆತಂಕ, ಭ್ರಮೆ ಅಂತ ದೂರು ಬರ್ತಾನೇ ಇತ್ತು. ಅಲ್ಲಿನ ಎಫ್‌ಡಿಎ ತನ್ನ ಅತಿ ಕಠಿಣ ಎಚ್ಚರಿಕೆಯನ್ನ ಅದರ ಮೇಲೆ ಹಾಕಿದ್ದು 2013ರಲ್ಲಿ. ಇಪ್ಪತ್ನಾಲ್ಕು ವರ್ಷ ಆದ್ಮೇಲೆ!

ನಮ್ಮ ಕಾಲದ್ದೇ ಬೇಕಾ? 2020ರ ಕೋವಿಡ್ ನೆನಪಿಸ್ಕೊಳ್ಳಿ. ಕ್ಲೋರೋಕ್ವಿನ್‌ನ ತಮ್ಮ ಹೈಡ್ರಾಕ್ಸಿಕ್ಲೋರೋಕ್ವಿನ್‌ಗೆ ಎಷ್ಟು ನೂಕುನುಗ್ಗಲು! ಆ ವರ್ಷ ನವೆಂಬರ್‌ನಲ್ಲಿ ಯುರೋಪಿನ ಔಷಧ ಸಂಸ್ಥೆ ಈ ಎರಡೂ ಮಾತ್ರೆಗಳ ಚೀಟಿಯಲ್ಲಿ ಮಾನಸಿಕ ಅಡ್ಡಪರಿಣಾಮದ ಎಚ್ಚರಿಕೆಯನ್ನ ಇನ್ನೂ ಸ್ಪಷ್ಟ ಮಾಡಿ ಅಂತು.

7/8
ಫೋಟೋ: ಮಾವನ ಮಾತ್ರೆ ಚೀಟಿ. ಹೆಸರು, ಆಸ್ಪತ್ರೆ ಎಲ್ಲ ಮರೆಮಾಡಿದೀನಿ.

ಈಗ ಸ್ಟೀರಾಯ್ಡ್‌ಗೆ ಬರೋಣ. 1948ರಲ್ಲಿ ಕೀಲುವಾತದ ರೋಗಿಗೆ ಮೊದಲ ಸಲ ಕಾರ್ಟಿಸೋನ್ ಕೊಟ್ರು. ಹಾಸಿಗೆ ಹಿಡಿದವರು ಎದ್ದು ನಡೆದ್ರು. 1950ರಲ್ಲೇ ನೊಬೆಲ್ ಬಂತು. ಮನಸ್ಸಿನ ಲೆಕ್ಕ ಚೆನ್ನಾಗಿ ಸಿಕ್ಕಿದ್ದು 1972ರಲ್ಲಿ, ಬೋಸ್ಟನ್‌ನ ಒಂದು ಅಧ್ಯಯನದಿಂದ. ಪ್ರೆಡ್ನಿಸೋನ್ ದಿನಕ್ಕೆ 40 ಮಿಲಿಗ್ರಾಂ ಅಥವಾ ಅದಕ್ಕಿಂತ ಕಮ್ಮಿ ತಗೊಂಡವರಲ್ಲಿ 100ಕ್ಕೆ 1.3 ಮಂದಿಗೆ ಮಾನಸಿಕ ತೊಂದರೆ. 41ರಿಂದ 80 ಆದ್ರೆ 4.6. 80 ದಾಟಿದ್ರೆ 18.4. ಡೋಸ್ ಏರಿದಂಗೆ ಅಪಾಯವೂ ಏರ್ತು.

ಅಂದ್ರೆ ನಮ್ಮ ಮಾವನಿಗೆ ಆಗಿದ್ದು ಪುಸ್ತಕದಲ್ಲಿ ಐವತ್ತು ವರ್ಷದಿಂದ ಇರೋ ವಿಷಯ. ಮನೆಯವರಿಗೆ ಒಂದೇ ಒಂದು ಮಾತು ಮೊದಲೇ ಹೇಳಿದ್ರೆ ಸಾಕಿತ್ತು: ನಿದ್ದೆ ಕೆಟ್ರೆ, ಮಾತು ಜಾಸ್ತಿಯಾದ್ರೆ ಬಂದು ತಿಳಿಸಿ ಅಂತ. ನಮ್ಮದೂ ತಪ್ಪಿದೆ. ನಾವೂ ಕೇಳಲಿಲ್ಲ.

8/8
ಫೋಟೋ: ನಮ್ಮನೆ ಕ್ಯಾಲೆಂಡರ್. ಹಾಲಿನ ಲೆಕ್ಕದ ಪಕ್ಕ ಮಾತ್ರೆ ಹೆಸರು.

ನಾಗೇನಹಳ್ಳಿಯಲ್ಲಾಗಲಿ, ಮಾರ್ಗರೀಟಾದಲ್ಲಾಗಲಿ, ಗೊತ್ತಾಗಿದ್ದು ಯಾರೋ ಕೂತು ಎಣಿಸಿ ಬರೆದಿದ್ದಕ್ಕೆ. ನಾವೂ ಅಷ್ಟು ಮಾಡಬಹುದು.

• ಹೊಸ ಮಾತ್ರೆ ಶುರುವಾದ ತಾರೀಕು, ಹೆಸರು, ಡೋಸ್ ಕ್ಯಾಲೆಂಡರಲ್ಲಿ ಬರೀರಿ. ನಿದ್ದೆ, ಸಿಟ್ಟು, ಅಳು, ಅನುಮಾನ ಬದಲಾದ್ರೆ ಆ ತಾರೀಕೂ ಬರೀರಿ.
• ಚೀಟಿ ಎಸೀಬೇಡಿ.
• ಅಲರ್ಜಿ, ಆಸ್ತಮಾಗೆ ಕೊಡೋ ಮಾಂಟೆಲುಕಾಸ್ಟ್, ಮೊಡವೆಗೆ ಕೊಡೋ ಐಸೊಟ್ರೆಟಿನಾಯಿನ್, ಫಿಟ್ಸ್‌ಗೆ ಕೊಡೋ ಲೆವೆಟಿರಾಸೆಟಮ್: ಇವು ನಮ್ಮ ವಯಸ್ಸಿನವರೂ ತಗೊಳ್ಳೋ ಮಾತ್ರೆಗಳು, ಮೂರಕ್ಕೂ ಮನಸ್ಸಿಗೆ ಸಂಬಂಧಿಸಿದ ಎಚ್ಚರಿಕೆ ಇದೆ. ಹೆಚ್ಚಿನವರಿಗೆ ಏನೂ ಆಗಲ್ಲ. ಆದ್ರೆ ಡಾಕ್ಟ್ರನ್ನ ಕೇಳೋಕೆ ನಾಚ್ಕೋಬೇಡಿ.
• ಈ ಪೋಸ್ಟ್ ಓದಿ ಯಾವ ಮಾತ್ರೆಯನ್ನೂ ನೀವೇ ನಿಲ್ಲಿಸಬೇಡಿ. ಸ್ಟೀರಾಯ್ಡ್, ಫಿಟ್ಸ್ ಮಾತ್ರೆ ತಟಕ್ಕನೆ ಬಿಟ್ರೆ ಪ್ರಾಣಕ್ಕೇ ಅಪಾಯ. ಬರೆದುಕೊಟ್ಟ ಡಾಕ್ಟ್ರಿಗೆ ಅವತ್ತೇ ಹೇಳಿ.
• ಸಾಯ್ಬೇಕು ಅನ್ನೋ ಮಾತು ಬಂದ್ರೆ ಒಂಟಿಯಾಗಿ ಬಿಡಬೇಡಿ, ತಕ್ಷಣ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಟೆಲಿ ಮಾನಸ್ ನಂಬರ್ 14416, ಉಚಿತ, ಕನ್ನಡದಲ್ಲೇ ಮಾತಾಡ್ತಾರೆ.
• ಅಡ್ಡಪರಿಣಾಮವನ್ನ ರೋಗಿ, ಮನೆಯವರು ಕೂಡ ಸರ್ಕಾರಕ್ಕೆ ತಿಳಿಸಬಹುದು. ಭಾರತೀಯ ಔಷಧ ಜಾಗರೂಕತಾ ಕಾರ್ಯಕ್ರಮದ ಉಚಿತ ನಂಬರ್ 1800-180-3024.

ಇನ್ನೊಂದು. ಮನಸ್ಸಿನ ಕಾಯಿಲೆ ಮಾತ್ರೆಯಿಂದ ಬಂದಿರಲಿ, ಬೇರೆ ಕಾರಣಕ್ಕೆ ಬಂದಿರಲಿ, ಅದಕ್ಕೆ ಅಡ್ಡಹೆಸರು ಇಡೋ ಹಕ್ಕು ಯಾರಿಗೂ ಇಲ್ಲ. ಮಾವ ಈಗ ದಿನಾ ಸಂಜೆ ಕೆರೆ ಏರಿ ಮೇಲೆ ವಾಕಿಂಗ್ ಹೋಗ್ತಾರೆ. ಮೊದಲ ಫೋಟೋ ತೆಗೆದದ್ದು ಅವರೇ. ಇದನ್ನೆಲ್ಲ ಬರೀಲಾ ಅಂತ ಕೇಳಿದ್ದಕ್ಕೆ, ಬರಿ, ತಾರೀಕು ಮಾತ್ರ ಸರಿಯಾಗಿ ಹಾಕು ಅಂದ್ರು.

ಸೇವ್ ಮಾಡ್ಕೊಳ್ಳಿ, ಮನೇಲಿ ಓದಿ ಹೇಳಿ.

#ಕಿಕ್ಕೇರಿ #ಕೆಆರ್‌ಪೇಟೆ #ಮಂಡ್ಯಇತಿಹಾಸ #ಮಾತ್ರೆಮತ್ತುಮನಸ್ಸು