ಗಲ್ಲಾಪೆಟ್ಟಿಗೆಯಿಂದ ಷೇರು ಪೇಟೆಗೆ: ಕಳಂಬೋಲಿಯ ಉಕ್ಕಿನ ವ್ಯಾಪಾರ ಮತ್ತು ಲಿಸ್ಟಿಂಗ್ ಷರತ್ತುಗಳು

ಷೇರು ಪೇಟೆಯಲ್ಲಿ ಲಿಸ್ಟ್ ಆಗಲು ಬೇಕಾದ ಅರ್ಹತೆಯನ್ನು ನಾವು ಸಾಮಾನ್ಯವಾಗಿ ಮೊತ್ತಗಳಲ್ಲಿ ಅಳೆಯುತ್ತೇವೆ. ಷೇರು ಪೇಟೆಯ ನಿಯಂತ್ರಕ ಸೆಬಿಯ 2018ರ ನಿಯಮಾವಳಿಯಂತೆ, ಲಾಭದ ದಾಖಲೆಯ ಬಲದಿಂದ ಮುಖ್ಯ ಪೇಟೆಗೆ ಬರುವ ಕಂಪನಿಗೆ ಹಿಂದಿನ ಮೂರು ವರ್ಷಗಳಲ್ಲಿ ಸರಾಸರಿ 15 ಕೋಟಿ ರೂಪಾಯಿ ಕಾರ್ಯಾಚರಣಾ ಲಾಭ ಇರಬೇಕು. ಸಣ್ಣ ಮತ್ತು ಮಧ್ಯಮ ಸಂಸ್ಥೆಗಳಿಗಾಗಿ 2012ರಲ್ಲಿ ಆರಂಭವಾದ ಎಸ್‌ಎಂಇ ವೇದಿಕೆಗಳಲ್ಲಿ, 2025ರ ತಿದ್ದುಪಡಿಯ ನಂತರ, ಮೂರು ವರ್ಷಗಳ ಪೈಕಿ ಎರಡರಲ್ಲಿ ತಲಾ 1 ಕೋಟಿ ಸಾಕು. ಆದರೆ ಕುಟುಂಬದ ಹಿಡಿತದಲ್ಲಿರುವ ವ್ಯಾಪಾರಕ್ಕೆ ನಿಜವಾದ ಹೊಸ್ತಿಲು ಈ ಮೊತ್ತವಲ್ಲ. ಮನೆಯ ಹಣವನ್ನೂ ಕಂಪನಿಯ ಹಣವನ್ನೂ ಬೇರ್ಪಡಿಸುವ ಷರತ್ತುಗಳೇ ಆ ಹೊಸ್ತಿಲು.

ನವಿ ಮುಂಬೈನ ಕಳಂಬೋಲಿಯ ಉಕ್ಕಿನ ಮಾರುಕಟ್ಟೆಯನ್ನು ಎದುರಿಗಿಟ್ಟುಕೊಂಡರೆ ಇದು ಸ್ಪಷ್ಟವಾಗುತ್ತದೆ. ಕಾಯಿಲ್, ಪ್ಲೇಟು, ಚಾನೆಲ್‌ಗಳ ವಹಿವಾಟಿನಲ್ಲಿ ಒಂದೇ ಲಾರಿ ಲೋಡಿಗೆ ಲಕ್ಷಾಂತರ ರೂಪಾಯಿ ಬಿಲ್ಲಾಗುತ್ತದೆ, ಟನ್ನಿಗೆ ಉಳಿಯುವುದು ಅಲ್ಪ. ಮಾಲು ಉದರಿಯಲ್ಲಿ ಹೋಗುತ್ತದೆ, ವಸೂಲಿ ತಡವಾಗುತ್ತದೆ. ಇಂಥ ವ್ಯಾಪಾರದಲ್ಲಿ ನಡುವಿನ ಕೊರತೆಯನ್ನು ಅಣ್ಣನ, ಹೆಂಡತಿಯ, ಸೋದರಮಾವನ ಹೆಸರಿನ ಕೈಸಾಲ ತುಂಬುವುದು ಸಹಜ. ಲೆಕ್ಕಪತ್ರದಲ್ಲಿ ಅದು ಭದ್ರತೆಯಿಲ್ಲದ ಸಾಲ. ಎಸ್‌ಎಂಇ ಷೇರು ನೀಡಿಕೆಯ ಹಣದಿಂದ ಪ್ರವರ್ತಕರ, ಪ್ರವರ್ತಕ ಗುಂಪಿನ ಅಥವಾ ಸಂಬಂಧಿತ ಪಕ್ಷಗಳ ಸಾಲ ತೀರಿಸುವಂತಿಲ್ಲ ಎಂದು 2025ರ ನಿಯಮ ಹೇಳುವುದು ಇಲ್ಲಿಗೇ ನೇರವಾಗಿ ತಾಗುತ್ತದೆ. ಪಾಲುದಾರಿಕೆ ಸಂಸ್ಥೆ ಕಂಪನಿಯಾಗಿ ಪರಿವರ್ತನೆಯಾದರೂ, ನೀಡಿಕೆಯ ಕರಡು ದಾಖಲೆ ಸಲ್ಲಿಸುವ ಮುನ್ನ ಕಂಪನಿಯಾಗಿಯೇ ಒಂದು ಪೂರ್ಣ ಆರ್ಥಿಕ ವರ್ಷ ಕಳೆದಿರಬೇಕು. ನನ್ನ ಮಟ್ಟಿಗೆ ಲಾಭದ ಮಿತಿಗಿಂತ ಈ ಎರಡು ಷರತ್ತುಗಳೇ ಹೆಚ್ಚು ತೂಕದವು.

ಬ್ಯಾಂಕು ಕೈಬಿಟ್ಟ ಹೊತ್ತಿನಲ್ಲಿ ದುಡ್ಡು ಹಾಕಿದ ಕುಟುಂಬಕ್ಕೆ ಸಾಲ ತೀರುವಳಿಯ ಮೇಲಿನ ಈ ತಡೆ ಶಿಕ್ಷೆಯಲ್ಲವೇ ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ಆದರೆ ನಿಯಮ ತಡೆಯುವುದು ಹೊಸ ಹೂಡಿಕೆದಾರರ ಹಣ ಇದಕ್ಕೆ ಬಳಕೆಯಾಗುವುದನ್ನು ಮಾತ್ರ; ಕಂಪನಿ ತನ್ನ ಲಾಭದಿಂದ ಸಾಲ ತೀರಿಸಬಹುದು, ಇಲ್ಲವೇ ನೀಡಿಕೆಗೆ ಮೊದಲೇ ಆ ಸಾಲವನ್ನು ಷೇರಾಗಿ ಪರಿವರ್ತಿಸಬಹುದು. ಹಾಗೆ ಮಾಡಿದಾಗ ಮನೆಯವರೂ ಹೊರಗಿನವರೂ ಒಂದೇ ನಷ್ಟಭಯಕ್ಕೆ ಒಳಗಾಗುತ್ತಾರೆ. ಲೆಕ್ಕಪರಿಶೋಧನೆ, ಮರ್ಚೆಂಟ್ ಬ್ಯಾಂಕರ್ ಶುಲ್ಕಗಳ ಹೊರೆ ಸಣ್ಣ ಸಂಸ್ಥೆಗೆ ಭಾರ ಎಂಬುದೂ ನಿಜ. ಆ ಹೊರೆ ಹೊರಲಾಗದ ವ್ಯಾಪಾರಿ ಪಾಲುದಾರಿಕೆಯಲ್ಲೇ ಉಳಿಯುವುದರಲ್ಲಿ ತಪ್ಪೇನೂ ಇಲ್ಲ. ಸಾರ್ವಜನಿಕರ ಹಣ ಕೇಳುವವನಿಗೆ ಮಾತ್ರ ವಿನಾಯಿತಿ ಸಲ್ಲದು. ಎಸ್‌ಎಂಇ ನೀಡಿಕೆಯಲ್ಲಿ ಈಗ ಕನಿಷ್ಠ ಅರ್ಜಿಯೇ 2 ಲಕ್ಷ ರೂಪಾಯಿ ಮೀರುತ್ತದೆ. ಅಷ್ಟು ಹಣ ಹೂಡುವವರು ಲಾಭದ ಕೋಷ್ಟಕಕ್ಕಿಂತ ಮೊದಲು ಸಂಬಂಧಿತ ಪಕ್ಷಗಳೊಡನೆ ನಡೆದ ವ್ಯವಹಾರಗಳ ಪುಟವನ್ನು ಓದಬೇಕು.