ಲಾನ್ ಸ್ಪ್ರಿಂಕ್ಲರಿನಲ್ಲಿ ನೀರಿನ ಒತ್ತಡದ ಕೊರತೆ

ಮನೆಯಂಗಳದ ಹುಲ್ಲುಹಾಸಿಗೆ ಹಾಕಿದ ಸ್ಪ್ರಿಂಕ್ಲರಿನಿಂದ ನೀರು ದೂರಕ್ಕೆ ಚಿಮ್ಮದೆ ಬುಡದ ಆಸುಪಾಸಿನಲ್ಲೇ ಬೀಳುವ ತೊಂದರೆ. ನೆಲದೊಳಗಿಂದ ಮೇಲೇಳುವ ಪಾಪ್‌ಅಪ್ ತಲೆ ಅರ್ಧಕ್ಕೇ ನಿಲ್ಲುತ್ತದೆ, ಕತ್ತಿನ ಬಳಿ ಸೋರುತ್ತದೆ. ತಿರುಗುವ ಬಗೆಯದಾದರೆ ತಿರುಗುವುದನ್ನೇ ಬಿಡುತ್ತದೆ. ತುಂತುರಾಗಬೇಕಾದ ನೀರು ದಪ್ಪ ಹನಿಗಳಾಗಿ ಉದುರುತ್ತದೆ. ಬೇಸಿಗೆಯಲ್ಲಾದರೆ ಕೆಲವೇ ದಿನಗಳಲ್ಲಿ ತಲೆತಲೆಗಳ ನಡುವಿನ ಹುಲ್ಲು ಒಣಗಿ, ಹಸಿರಿನ ಮಧ್ಯೆ ಕಂದು ತೇಪೆಗಳು ಏಳುತ್ತವೆ.

ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಹೂವರಳಿಸಲು ಫೆಬ್ರವರಿ–ಮಾರ್ಚ್‌ನಲ್ಲಿ ಓಡಿಸುವ ಜೆಟ್‌ಗಳ ಹಿಂದೆ ದೊಡ್ಡ ಪಂಪು ಇರುತ್ತದೆ. ಬೆಂಗಳೂರಿನ ಮನೆ ಲಾನಿನ ಹಿಂದೆ ಹಲವೊಮ್ಮೆ ಇರುವುದು ತಾರಸಿಯ ಮೇಲಿನ ಟ್ಯಾಂಕು ಮಾತ್ರ. ತೊಂದರೆಯ ಬೇರು ಎಷ್ಟೋ ಕಡೆ ಇಲ್ಲೇ ಇದೆ. ನೀರು 10 ಮೀಟರ್ ಎತ್ತರದಲ್ಲಿದ್ದರೆ ಕೆಳಗೆ ಸಿಗುವ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 1 ಕೆ.ಜಿ. ಎರಡಂತಸ್ತಿನ ಮನೆಯ ಟ್ಯಾಂಕು ಅಷ್ಟನ್ನೂ ಕೊಡುವುದು ಕಷ್ಟ. ಸಾಮಾನ್ಯ ಸ್ಪ್ರೇ ತಲೆಗೆ ಬೇಕಾದದ್ದು ಸುಮಾರು 2 ಕೆ.ಜಿ., ತಿರುಗುವ ರೋಟರ್ ತಲೆಗೆ 3ರ ಹತ್ತಿರ. ಬೀದಿ ಕೊಳವೆಯಿಂದಲೇ ಒತ್ತಡದ ನೀರು ಬರುವ ಊರುಗಳನ್ನು ಮನಸ್ಸಿನಲ್ಲಿಟ್ಟು ರೂಪಿಸಿದ ಸಲಕರಣೆ ಅದು. ಇಂಥ ಮನೆಯಲ್ಲಿ ಕೆಟ್ಟದ್ದೇನೂ ಇರುವುದಿಲ್ಲ, ಜೋಡಣೆಯೇ ತಪ್ಪು. ನಾಝಲ್ ಬದಲಿಸುತ್ತಾ ಕೂತರೆ ದುಡ್ಡು ದಂಡ. ಸಂಪಿನಿಂದ ಎಳೆದು ಒತ್ತಡ ಕೊಡುವ ಪಂಪನ್ನು ಲಾನಿನ ಸಾಲಿಗೆ ಹಾಕಬೇಕು, ಇಲ್ಲವೇ ಟ್ಯಾಂಕಿಗೆ ಪೈಪ್ ಜೋಡಿಸಿ ಕೈಯಲ್ಲೇ ನೀರು ಹಿಡಿಯಬೇಕು. ಬೀದಿಯ ಕೊಳವೆಗೆ ನೇರ ಮೋಟಾರ್ ಕೂರಿಸುವುದು ನಿಷಿದ್ಧ.

ಮೊದಲು ಚೆನ್ನಾಗಿದ್ದು ಈಗ ಸೊರಗಿದ್ದರೆ ಮಾತು ಬೇರೆ. ಆಗ ನೋಡಬೇಕಾದದ್ದು ಸೊರಗಿದವು ಎಷ್ಟು ತಲೆಗಳು ಎಂಬುದನ್ನು. ಒಂದೇ ತಲೆಯಾದರೆ ನಾಝಲ್ ಅಥವಾ ಅದರ ಕೆಳಗಿನ ಪುಟ್ಟ ಜಾಲರಿ ಕಟ್ಟಿದೆ. ಬೋರ್‌ವೆಲ್ಲಿನ ಗಡಸು ನೀರಿದ್ದಲ್ಲಿ ಬಿಳಿಯ ಸುಣ್ಣ ಕಟ್ಟುವುದು ಮಾಮೂಲು. ವಿನೆಗರಿನಲ್ಲಿ ನೆನೆಹಾಕಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದರೆ ಬಿಡುತ್ತದೆ. ಪಿನ್ನಿನಿಂದ ಚುಚ್ಚಬಾರದು: ತೂತು ಸೊಟ್ಟಗಾದರೆ ನೀರು ಬೀಳುವ ದಿಕ್ಕೇ ಕೆಡುತ್ತದೆ.

ಒಂದು ವಾಲ್ವಿಗೆ ಸೇರಿದ ತಲೆಗಳೆಲ್ಲ ಸೊರಗಿದ್ದರೆ ಆ ವಾಲ್ವಿನ ಮೇಲೆ, ಅಲ್ಲಿಂದ ಮುಂದಿನ ಪೈಪಿನ ಮೇಲೆ ಅನುಮಾನ ಪಡಬೇಕು. ಸೊಲೆನಾಯ್ಡ್ ವಾಲ್ವಿನ ರಬ್ಬರ್ ಪೊರೆಯ ಕೆಳಗೆ ಮರಳ ಕಾಳೊಂದು ಸಿಕ್ಕಿಕೊಂಡರೂ ಸಾಕು, ಅದರ ಕೆಲಸ ಕೆಡುತ್ತದೆ. ಪೈಪಿಗಾದರೋ ಶತ್ರುಗಳು ಅನೇಕ: ಹೆಗ್ಗಣದ ಹಲ್ಲು, ಮಾಲಿಯ ಗುದ್ದಲಿ, ಮರದ ಬೇರು. ಹದಿನೈದು ನಿಮಿಷ ನೀರು ಬಿಟ್ಟು ನಡೆದು ನೋಡಿದರೆ ಕಾಲಿಗೆ ಮೆತ್ತಗೆ ಹತ್ತುವ ಜಾಗವೋ, ಅಕಾರಣವಾಗಿ ಸೊಂಪಾಗಿ ಬೆಳೆದ ಹುಲ್ಲೋ ಸೋರಿಕೆಯ ಗುಟ್ಟನ್ನು ಬಿಟ್ಟುಕೊಡುತ್ತದೆ.

ಇಡೀ ಲಾನೇ ಸೊರಗಿದ್ದರೆ ಮೂಲದ ಕಡೆ ಹೋಗಬೇಕು. ಗೇಟ್‌ವಾಲ್ವ್ ಪೂರ್ತಿ ತೆರೆದಿದೆಯೇ, ಫಿಲ್ಟರ್ ತೊಳೆದು ಎಷ್ಟು ದಿನವಾಯಿತು, ಈ ಎರಡನ್ನು ನೋಡದೆ ಪ್ಲಂಬರನ್ನು ಕರೆಸಬಾರದು. ಆಮೇಲೆ ಪಂಪು. ಫುಟ್‌ವಾಲ್ವ್ ಸೋರಿದರೆ ಅಥವಾ ಹೀರುವ ಪೈಪಿನ ಜಾಯಿಂಟಿನಲ್ಲಿ ಗಾಳಿ ಎಳೆದರೆ ಮೋಟಾರ್ ಓಡುತ್ತದೆ, ನೀರು ಬರುವುದಿಲ್ಲ. ವೋಲ್ಟೇಜ್ ಇಳಿದಾಗ, ಇಂಪೆಲ್ಲರ್ ಸವೆದಾಗ ಒತ್ತಡ ಮೆಲ್ಲಗೆ ಕುಸಿಯುತ್ತದೆ. ರಿಪೇರಿಗೆ ಬಿಚ್ಚಿದ ತ್ರೀಫೇಸ್ ಮೋಟಾರನ್ನು ಮರಳಿ ಕೂರಿಸುವಾಗ ಎರಡು ತಂತಿ ಅದಲುಬದಲಾದರೆ ಅದು ಉಲ್ಟಾ ತಿರುಗುತ್ತದೆ. ಉಲ್ಟಾ ತಿರುಗಿದರೂ ಸ್ವಲ್ಪ ನೀರು ಬರುವುದರಿಂದ ಈ ತಪ್ಪು ಬಹಳ ದಿನ ಕಣ್ಣಿಗೆ ಬೀಳದೆ ಉಳಿಯಬಹುದು.

ಯಾವುದೂ ಕೆಡದೆ ಒತ್ತಡ ಇಳಿಯುವುದೂ ಉಂಟು. ಲಾನ್ ಬೆಳೆದಂತೆ ಅದೇ ಸಾಲಿಗೆ ಇನ್ನೆರಡು ತಲೆ ಸೇರಿಸುತ್ತಾರೆ. ಪೈಪಿನಲ್ಲಿ ನೀರಿನ ಹರಿವು ಇಮ್ಮಡಿಯಾದರೆ ಘರ್ಷಣೆಯಲ್ಲಿ ಕಳೆದುಹೋಗುವ ಒತ್ತಡ ಸುಮಾರು ಮೂರೂವರೆ ಪಟ್ಟಾಗುತ್ತದೆ. ಪೈಪಿನ ಒಳವ್ಯಾಸ ಅರ್ಧಕ್ಕಿಳಿದರಂತೂ ಆ ನಷ್ಟ ಮೂವತ್ತು ಪಟ್ಟಿನ ಹತ್ತಿರ. ಹೀಗಾಗಿ ಎಲ್ಲ ತಲೆ ಮುಚ್ಚಿದಾಗ ಗೇಜ್ ಒಳ್ಳೆಯ ಒತ್ತಡ ತೋರಿಸುತ್ತದೆ, ತೆರೆದಾಗ ಮುಳ್ಳು ಬಿದ್ದುಹೋಗುತ್ತದೆ. ಲೆಕ್ಕಕ್ಕೆ ಬರುವುದು ಈ ಎರಡನೆಯ ಓದು. ಗೇಜ್ ಇಲ್ಲದಿದ್ದರೆ 10 ಲೀಟರ್ ಬಕೆಟ್ ಸಾಕು: 30 ಸೆಕೆಂಡಿನಲ್ಲಿ ತುಂಬಿದರೆ ನಿಮಿಷಕ್ಕೆ 20 ಲೀಟರ್. ನಾಲ್ಕೂವರೆ ಮೀಟರ್ ದೂರ ಸುತ್ತಲೂ ಚಿಮ್ಮುವ ಒಂದು ತಲೆಯೇ ನಿಮಿಷಕ್ಕೆ 14 ಲೀಟರಿನಷ್ಟು ಕುಡಿಯುತ್ತದೆ. ಅಂಥ ನಾಲ್ಕನ್ನು ಒಟ್ಟಿಗೆ ಓಡಿಸಲು ಆ ನೀರು ಸಾಲದು. ಲಾನನ್ನು ಎರಡು ಮೂರು ಭಾಗ ಮಾಡಿ ಸರದಿಯಂತೆ ನೀರು ಬಿಡುವುದೇ ಅಗ್ಗದ ಪರಿಹಾರ.

2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. ಕುಡಿಯುವ ನೀರಿನ ಬದಲು ಅಪಾರ್ಟ್‌ಮೆಂಟುಗಳ ಲಾನಿಗೆ ಬಿಡುವ ಸಂಸ್ಕರಿಸಿದ ನೀರಿನಲ್ಲಿ ಸಣ್ಣ ಕಸ ಹೆಚ್ಚು. ಅಲ್ಲಿ ಫಿಲ್ಟರನ್ನು ವಾರಕ್ಕೊಮ್ಮೆಯಾದರೂ ತೊಳೆಯಬೇಕು.