ಸುಟ್ಟ ಸುರುಳಿ, ಹೊಸ ಮುದ್ರಿಕೆ

ಪುಸ್ತಕವೊಂದು ನಮಗೆ ಮೆಚ್ಚುಗೆಯಾದರೆ ಅದನ್ನು ಕೊಂಡು ಮನೆಯ ಕಪಾಟಿನಲ್ಲಿಡುತ್ತೇವೆ. ಮನಸ್ಸಾದಾಗ ತೆಗೆದು, ಬೇಕಾದ ಪುಟವನ್ನು ಮತ್ತೆ ಓದುತ್ತೇವೆ. ಚಲನಚಿತ್ರದ ರಸಿಕನಿಗೆ ಈ ಭಾಗ್ಯ ಬಹುಕಾಲ ಇರಲಿಲ್ಲ. ಚಿತ್ರ ಊರಿಗೆ ಬಂದಾಗ ನೋಡಬೇಕು, ಹೋದ ಮೇಲೆ ನೆನೆಯಬೇಕು. ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ಯನ್ನು ನಾನು ಮೊದಲು ನೋಡಿದ್ದು ಫಿಲ್ಮ್ ಸೊಸೈಟಿಯೊಂದರ ಪ್ರದರ್ಶನದಲ್ಲಿ, ಶಾಲೆಯ ಸಭಾಂಗಣದಲ್ಲಿ ಕಟ್ಟಿದ ಪರದೆಯ ಮೇಲೆ. ಪ್ರತಿ ತೀರ ಸವೆದುಹೋಗಿತ್ತು. ಗೀರುಗಳು ಮೊದಲಿನಿಂದ ಕೊನೆಯವರೆಗೆ ಎಡೆಬಿಡದೆ ಸುರಿಯುತ್ತಿದ್ದವು. ಕಥೆಯಲ್ಲಿ ಮಳೆ ಬಂದಾಗ ಯಾವುದು ಮಳೆ, ಯಾವುದು ಗೀರು ಎಂದು ತಿಳಿಯುವುದೇ ಕಷ್ಟವಾಯಿತು.

ಅನಂತರ ಕಾಲ ಬದಲಾಯಿತು. ಚಿತ್ರವೂ ಪುಸ್ತಕದಂತೆ ಮನೆಗೆ ಬಂದಿತು. 1975 ಮತ್ತು 1976ರಲ್ಲಿ ಜಪಾನಿನ ಎರಡು ಸಂಸ್ಥೆಗಳು ಬೀಟಾಮ್ಯಾಕ್ಸ್ ಮತ್ತು ವಿ.ಎಚ್.ಎಸ್. ಎಂಬ ಪರಸ್ಪರ ಹೊಂದದ ಎರಡು ಟೇಪುಗಳನ್ನು ಮಾರುಕಟ್ಟೆಗೆ ತಂದವು. 1996ರಲ್ಲಿ ಡಿವಿಡಿ ಬಂದಿತು. ಹತ್ತು ವರ್ಷಗಳ ಮೇಲೆ, 2006ರಲ್ಲಿ, ಹೆಚ್ಚಿನ ಸ್ಪಷ್ಟತೆಯ ಎಚ್‌ಡಿ ಡಿವಿಡಿ ಮತ್ತು ಬ್ಲೂ-ರೇ ಎಂಬ ಇನ್ನೆರಡು ಪ್ರತಿಸ್ಪರ್ಧಿಗಳು ಕಣಕ್ಕಿಳಿದವು. 2008ರ ಫೆಬ್ರವರಿಯಲ್ಲಿ ತೋಷಿಬಾ ಸಂಸ್ಥೆ ಎಚ್‌ಡಿ ಡಿವಿಡಿಯನ್ನು ಕೈಬಿಟ್ಟಿತು, ಬ್ಲೂ-ರೇ ಉಳಿಯಿತು. 2016ರಲ್ಲಿ ಅದರ ಇನ್ನೂ ಸೂಕ್ಷ್ಮವಾದ ಅಲ್ಟ್ರಾ ಎಚ್‌ಡಿ ರೂಪವೂ ಬಂದಿತು. ನಮ್ಮ ದೇಶದ ಪದ್ಧತಿಯ ಡಿವಿಡಿಯಲ್ಲಿ ಒಂದು ಚಿತ್ರಚೌಕಟ್ಟಿಗೆ ಸುಮಾರು 4 ಲಕ್ಷ ಬಿಂದುಗಳಿದ್ದರೆ, ಬ್ಲೂ-ರೇಯಲ್ಲಿ 20 ಲಕ್ಷಕ್ಕೂ, ಅಲ್ಟ್ರಾ ಎಚ್‌ಡಿಯಲ್ಲಿ 80 ಲಕ್ಷಕ್ಕೂ ಹೆಚ್ಚು ಬಿಂದುಗಳಿವೆ.

ಇಂಥ ಸೂಕ್ಷ್ಮ ಮಾಧ್ಯಮದಲ್ಲಿ ಹಳೆಯ ಚಿತ್ರಗಳಿಗೆ ಏನು ಕೆಲಸ ಎಂದು ಆಗ ಅನೇಕರು ಕೇಳಿದರು. ಕಪ್ಪು-ಬಿಳುಪಿನ ಚಿತ್ರ, ಅಗಲವಾದ ಹೊಸ ಟೆಲಿವಿಷನ್ನಿನ ತೆರೆಯನ್ನು ತುಂಬದೆ ಎರಡು ಪಕ್ಕದಲ್ಲೂ ಕರಿಯ ಪಟ್ಟಿಯನ್ನು ಉಳಿಸುವ ಚೌಕಟ್ಟು, ಐವತ್ತು ಅರವತ್ತು ವರ್ಷಗಳ ಮುಪ್ಪು. ಇವಕ್ಕೆ ಹೊಸ ಸ್ಪಷ್ಟತೆ ಎಲ್ಲಿಂದ ಬರಬೇಕು?

ಈ ಪ್ರಶ್ನೆಯ ಬುಡದಲ್ಲಿಯೇ ಒಂದು ತಪ್ಪು ತಿಳಿವಳಿಕೆ ಇದೆ. ಸ್ಪಷ್ಟತೆ ಹೊಸದಲ್ಲ. 35 ಮಿಲಿಮೀಟರಿನ ಫಿಲ್ಮಿನ ಮೇಲೆ ಬೆಳಕು ಬರೆದಿಟ್ಟ ವಿವರಗಳು ಡಿವಿಡಿಯಲ್ಲಿ ಹಿಡಿಸುತ್ತಿದ್ದುದಕ್ಕಿಂತ ಎಷ್ಟೋ ಹೆಚ್ಚು. ಹಾಗಾಗಿ ಹೊಸ ಮುದ್ರಿಕೆ ಹಳೆಯ ಚಿತ್ರಕ್ಕೆ ಏನನ್ನೂ ಹೊಸದಾಗಿ ಕೂಡಿಸುವುದಿಲ್ಲ. ನಾವು ಕಳೆದುಕೊಂಡಿದ್ದನ್ನು ನಮಗೆ ಹಿಂದಿರುಗಿಸುತ್ತದೆ, ಅಷ್ಟೆ. ಆದರೆ ಅದಕ್ಕೊಂದು ಕಠಿಣವಾದ ನಿಬಂಧನೆ ಉಂಟು. ಕಳೆದುಕೊಂಡದ್ದು ಎಲ್ಲಿಯಾದರೂ ಉಳಿದಿರಬೇಕು.

ಹಳಗನ್ನಡದ ಗ್ರಂಥಸಂಪಾದನೆಯ ಪರಿಚಯವುಳ್ಳವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಕವಿ ತಾನೇ ಬರೆದ ಓಲೆ ನಮಗೆ ಸಿಕ್ಕುವುದಿಲ್ಲ. ಸಿಕ್ಕುವುದು ಪ್ರತಿಯ ಪ್ರತಿ, ಅದರ ಪ್ರತಿ. ಒಬ್ಬೊಬ್ಬ ಲಿಪಿಕಾರನ ಕೈಯಲ್ಲೂ ಒಂದಿಷ್ಟು ಅಕ್ಷರ ಜಾರುತ್ತದೆ. ಚಲನಚಿತ್ರದಲ್ಲಿ ಕ್ಯಾಮೆರಾದೊಳಗೆ ಓಡಿದ ಮೂಲ ನೆಗೆಟಿವ್ ಎಂದರೆ ಕವಿಯ ಸ್ವಹಸ್ತದ ಓಲೆ. ಅದರಿಂದ ತೆಗೆದ ಪಾಸಿಟಿವ್, ಅದರಿಂದ ಇನ್ನೊಂದು ನೆಗೆಟಿವ್, ಅದರಿಂದ ಚಿತ್ರಮಂದಿರದ ಪ್ರತಿ: ಹೀಗೆ ಒಂದೊಂದು ಮೆಟ್ಟಿಲು ಇಳಿದಂತೆ ನೆರಳಿನೊಳಗಿನ ವಿವರ ಅಳಿಯುತ್ತದೆ, ಬೆಳಕಿನ ಅಂಚು ಒರಟಾಗುತ್ತದೆ. ಟೇಪಿನ ಕಾಲದಲ್ಲಿ ಯಾವ ಪ್ರತಿಯಾದರೂ ನಡೆಯುತ್ತಿತ್ತು. ಮಾಧ್ಯಮವೇ ಮಂದವಾಗಿದ್ದುದರಿಂದ ಮೂಲದ ದೋಷವೂ ಮಂದವಾಗಿ ಕಾಣುತ್ತಿತ್ತು. ಹೊಸ ಮಾಧ್ಯಮ ಅಂಥ ದಾಕ್ಷಿಣ್ಯವನ್ನು ತೋರುವುದಿಲ್ಲ. ಪ್ರಕಾಶಕರು ಅನಿವಾರ್ಯವಾಗಿ ಉಗ್ರಾಣಗಳತ್ತ, ಮೂಲ ನೆಗೆಟಿವ್‌ಗಳತ್ತ ಹಿಂದಿರುಗಬೇಕಾಯಿತು. ಈ ಮುದ್ರಿಕೆಗಳು ಮಾಡಿದ ದೊಡ್ಡ ಉಪಕಾರ ಇದೇ ಎಂದು ನಾನು ತಿಳಿದಿದ್ದೇನೆ.

ರಾಯ್ ಅವರ ಅಪು ಚಿತ್ರತ್ರಯದ ಚರಿತ್ರೆಯೇ ಇದಕ್ಕೆ ನಿದರ್ಶನ. ‘ಪಥೇರ್ ಪಾಂಚಾಲಿ’ 1955ರಲ್ಲಿಯೂ ‘ಅಪರಾಜಿತೊ’ 1956ರಲ್ಲಿಯೂ ‘ಅಪುರ್ ಸಂಸಾರ್’ 1959ರಲ್ಲಿಯೂ ತೆರೆಕಂಡವು. 1992ರಲ್ಲಿ ಅಮೆರಿಕದ ಅಕಾಡೆಮಿ ರಾಯ್ ಅವರಿಗೆ ಗೌರವ ಆಸ್ಕರ್ ಪ್ರಶಸ್ತಿಯನ್ನು ಕೊಟ್ಟಿತು. ಸಮಾರಂಭದಲ್ಲಿ ತೋರಿಸಲು ಅವರ ಚಿತ್ರಗಳ ತುಣುಕುಗಳನ್ನು ಹುಡುಕಿದಾಗ ಒಳ್ಳೆಯ ಪ್ರತಿಗಳೇ ದೊರೆಯಲಿಲ್ಲ. ಆ ಕೊರತೆಯಿಂದ ಒಂದು ಸಂರಕ್ಷಣಾ ಯೋಜನೆ ಹುಟ್ಟಿತು. ಮೂಲ ನೆಗೆಟಿವ್‌ಗಳು ಲಂಡನ್ನಿನ ಒಂದು ಪ್ರಯೋಗಾಲಯವನ್ನು ಸೇರಿದವು. 1993ರಲ್ಲಿ ಆ ಪ್ರಯೋಗಾಲಯಕ್ಕೆ ಬೆಂಕಿ ಬಿದ್ದಿತು. ಕಾಪಾಡುವುದಕ್ಕೆಂದು ಕಳುಹಿಸಿದ ಸುರುಳಿಗಳು ಕಾಪಾಡುವ ದಾರಿಯಲ್ಲಿಯೇ ಸುಟ್ಟುಹೋದವು. ರಾಯ್ ಅವರು ಅದಕ್ಕೆ ಹಿಂದಿನ ವರ್ಷವೇ ತೀರಿಕೊಂಡಿದ್ದರು.

ಉಳಿದದ್ದು ಕರಿದು ಮುರುಟಿದ ಫಿಲ್ಮಿನ ತುಂಡುಗಳು. ಯಾವ ಯಂತ್ರದಲ್ಲೂ ಓಡಿಸಲಾಗದ, ಯಾವ ಪ್ರಯೋಜನಕ್ಕೂ ಬಾರದ ಆ ತುಂಡುಗಳನ್ನು ಅಂದು ಯಾರಾದರೂ ಕಸಕ್ಕೆ ಸುರಿದಿದ್ದರೆ ತಪ್ಪೆನ್ನುವಂತಿರಲಿಲ್ಲ. ಆದರೆ ಅಕಾಡೆಮಿಯ ಚಿತ್ರಭಂಡಾರ ಅವನ್ನು ಬಿಸುಡಲಿಲ್ಲ. ಇಪ್ಪತ್ತು ವರ್ಷ ಹಾಗೆಯೇ ಇಟ್ಟುಕೊಂಡಿತು.

2013ರಲ್ಲಿ ಕ್ರೈಟೀರಿಯನ್ ಎಂಬ ಪ್ರಕಾಶನ ಸಂಸ್ಥೆ ಈ ಮೂರು ಚಿತ್ರಗಳ ಹೊಸ ಮುದ್ರಿಕೆಗಾಗಿ ಆಕರಗಳನ್ನು ಅರಸಿದಾಗ ಆ ಪೆಟ್ಟಿಗೆಗಳು ಮತ್ತೆ ತೆರೆದವು. ಇಟಲಿಯ ಬೊಲೋನ್ಯಾ ನಗರದ ‘ಲಿಮ್ಮಾಜಿನೆ ರಿತ್ರೊವಾತಾ’ ಎಂಬ ಪ್ರಯೋಗಾಲಯದ ಕುಶಲಕರ್ಮಿಗಳು ಒಣಗಿ ಗರಿಗರಿಯಾಗಿದ್ದ ಫಿಲ್ಮನ್ನು ರಾಸಾಯನಿಕ ದ್ರಾವಣದಿಂದ ಮತ್ತೆ ಮೆದುವಾಗಿಸಿದರು. ಕರಗಿದ ಅಂಟನ್ನು ತೆಗೆದರು. ಅಂಚಿನ ಹಲ್ಲುತೂತುಗಳನ್ನು ಕೈಯಿಂದಲೇ ಮರಳಿ ಕಟ್ಟಿದರು. ಸುಮಾರು ಸಾವಿರ ಗಂಟೆಗಳ ಕೈಕೆಲಸ ಅದು. ಕೊನೆಗೆ ‘ಪಥೇರ್ ಪಾಂಚಾಲಿ’ಯ ಮೂಲ ನೆಗೆಟಿವ್‌ನಲ್ಲಿ ನೂರಕ್ಕೆ 40ರಷ್ಟು, ‘ಅಪರಾಜಿತೊ’ವಿನಲ್ಲಿ 60ಕ್ಕೂ ಹೆಚ್ಚು ಭಾಗ ಬಳಕೆಗೆ ಬಂದಿತು. ‘ಅಪುರ್ ಸಂಸಾರ್’ನ ಮೂಲ ಮಾತ್ರ ದಕ್ಕಲಿಲ್ಲ. ಕಳೆದ ಭಾಗಗಳನ್ನು ಬೇರೆ ಬೇರೆ ಭಂಡಾರಗಳಲ್ಲಿದ್ದ ಉತ್ತಮ ಪ್ರತಿಗಳಿಂದ ತುಂಬಿದರು. ಅನೇಕ ಓಲೆಪ್ರತಿಗಳನ್ನು ಮುಂದಿಟ್ಟುಕೊಂಡು ಒಂದು ಕಾವ್ಯದ ಪಾಠವನ್ನು ನಿರ್ಣಯಿಸುವ ಕೆಲಸಕ್ಕೂ ಇದಕ್ಕೂ ವ್ಯತ್ಯಾಸವೆಲ್ಲಿ? 2015ರಲ್ಲಿ ಮೂರೂ ಚಿತ್ರಗಳು ನ್ಯೂಯಾರ್ಕಿನಲ್ಲಿ ಪ್ರದರ್ಶನಗೊಂಡು, ಅದೇ ವರ್ಷ ಬ್ಲೂ-ರೇ ರೂಪದಲ್ಲಿ ಹೊರಬಂದವು.

ಇಷ್ಟು ಶ್ರಮದಿಂದ ದೊರೆತದ್ದೇನು? ‘ಅಪರಾಜಿತೊ’ವಿನ ಕಾಶಿಯ ಮನೆಯ ಅಂಗಳವನ್ನು ಸ್ಟುಡಿಯೋದಲ್ಲಿ ಕಟ್ಟಿದಾಗ, ಛಾಯಾಗ್ರಾಹಕ ಸುಬ್ರತ ಮಿತ್ರ ಅವರು ಮೇಲೆ ಬಿಳಿಯ ಬಟ್ಟೆಯನ್ನು ಬಿಗಿದು, ದೀಪದ ಬೆಳಕನ್ನು ಅದಕ್ಕೆ ಹಾಯಿಸಿ, ಅಲ್ಲಿಂದ ಪ್ರತಿಫಲಿಸಿದ ಬೆಳಕಿನಲ್ಲಿ ಚಿತ್ರ ತೆಗೆದರು. ಮೇಲಿನ ಆಕಾಶದಿಂದ ಇಳಿದ ಮೃದುವಾದ ಹಗಲುಬೆಳಕು ಅದೆಂಬ ಭ್ರಮೆ ಹುಟ್ಟಬೇಕು. ಸವೆದ ಪ್ರತಿಯಲ್ಲಿ ಅದು ಬರಿಯ ಬೂದುಬಣ್ಣ. ಒಳ್ಳೆಯ ಮುದ್ರಿಕೆಯಲ್ಲಿ ಅದು ಬೆಳಗಿನ ಹೊತ್ತು. ಕಲಾವಿದನೊಬ್ಬನ ಸಾಧನೆಯನ್ನು ಬರಿಯ ಕೇಳಿಕೆಯಿಂದ ಒಪ್ಪುವುದು ಬೇರೆ, ಕಣ್ಣಿಂದ ಅರಿಯುವುದು ಬೇರೆ.

ಸಂಪಾದಕನಿಗೆ ಇರುವ ಪ್ರಲೋಭನೆಗಳು ಇಲ್ಲಿಯೂ ಇಲ್ಲದಿಲ್ಲ. ಫಿಲ್ಮಿನ ಸಹಜವಾದ ಕಣಗಳನ್ನು ಕೊಳೆಯೆಂದು ಭಾವಿಸಿ ಗಣಕಯಂತ್ರದಿಂದ ಒರಸಿ, ಮುಖಗಳನ್ನು ಮೇಣದ ಬೊಂಬೆಗಳಂತೆ ನುಣುಪುಗೊಳಿಸಿದ ಮುದ್ರಿಕೆಗಳೂ ಬಂದಿವೆ. ಕವಿಯ ಪಾಠವನ್ನು ತನ್ನ ರುಚಿಗೆ ತಿದ್ದಿದ ಪಂಡಿತನ ಕೆಲಸವಿದು. ಇದಕ್ಕೆ ಪ್ರತಿಯಾಗಿ ಫ್ರಿಟ್ಸ್ ಲಾಂಗನ 1927ರ ‘ಮೆಟ್ರೊಪೊಲಿಸ್’ ಚಿತ್ರವನ್ನು ನೋಡಬಹುದು. ಕಳೆದುಹೋದವೆಂದು ತಿಳಿದಿದ್ದ ಅದರ ಸುಮಾರು 25 ನಿಮಿಷಗಳಷ್ಟು ಭಾಗ 2008ರಲ್ಲಿ ಬ್ಯೂನಸ್ ಐರಿಸ್ ನಗರದಲ್ಲಿ 16 ಮಿಲಿಮೀಟರಿನ ಸವೆದ ಪ್ರತಿಯೊಂದರಲ್ಲಿ ಸಿಕ್ಕಿತು. 2010ರ ಪುನರುದ್ಧಾರದಲ್ಲಿ ಆ ಭಾಗಗಳ ಗೀರುಗಳು ಎದ್ದು ಕಾಣುವಂತೆಯೇ ಉಳಿದಿವೆ. ತ್ರುಟಿತ ಪಾಠವನ್ನು ತ್ರುಟಿತವೆಂದೇ ಅಚ್ಚುಹಾಕುವ ಪ್ರಾಮಾಣಿಕತೆ ಅದು.

ಇನ್ನು ಮುದ್ರಿಕೆಗಳ ಭವಿಷ್ಯದ ಮಾತು. ವ್ಯಾಪಾರದ ದೃಷ್ಟಿಯಿಂದ ಅವುಗಳ ಮಧ್ಯಾಹ್ನ ಕಳೆದಿದೆ. 2023ರಲ್ಲಿ ಅಮೆರಿಕದ ನೆಟ್‌ಫ್ಲಿಕ್ಸ್ ತನ್ನ ಅಂಚೆಯ ಡಿಸ್ಕ್ ಸೇವೆಯನ್ನು ನಿಲ್ಲಿಸಿತು. ಜನ ಚಿತ್ರಗಳನ್ನು ತಂತಿಯ ಮೂಲಕ ತರಿಸಿಕೊಂಡು ನೋಡುತ್ತಾರೆ. ಆದರೆ ಹಾಗೆ ಬಂದದ್ದು ನಮ್ಮದಲ್ಲ. ಕೊಟ್ಟವರು ಯಾವ ದಿನವಾದರೂ ಹಿಂದೆಗೆದುಕೊಳ್ಳಬಹುದು. ಕಪಾಟಿನಲ್ಲಿರುವ ಮುದ್ರಿಕೆಯನ್ನು ಯಾರೂ ಹಿಂದೆಗೆಯಲಾರರು. ಅದಕ್ಕೂ ಬೇರೆ ಬೇಲಿಗಳುಂಟು. ಬ್ಲೂ-ರೇಯ ಪದ್ಧತಿಯಲ್ಲಿ ಲೋಕವನ್ನು ಮೂರು ವಲಯಗಳಾಗಿ ಹಂಚಿದ್ದಾರೆ: ಅಮೆರಿಕ ‘ಎ’ ವಲಯ, ಭಾರತ ‘ಸಿ’ ವಲಯ. ‘ಎ’ ವಲಯಕ್ಕೆ ಬಿಗಿದ ಡಿಸ್ಕು ‘ಸಿ’ ವಲಯದ ಯಂತ್ರದಲ್ಲಿ ಓಡುವುದಿಲ್ಲ. ಬಂಗಾಳದ ಹಳ್ಳಿಯ ಕಥೆಯೂ ಹೀಗೆ ಅಮೆರಿಕದಲ್ಲಿ ಅಚ್ಚಾಗಿ ಭಾರತದ ಯಂತ್ರದಲ್ಲಿ ಮೂಕವಾಗಬಹುದು.

ಆದರೂ ನನ್ನ ಚಿಂತೆ ಮುದ್ರಿಕೆಯದಲ್ಲ, ಉಗ್ರಾಣದ್ದು. ಕನ್ನಡದ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನ’ದ ಪ್ರತಿ ಉಳಿದಿಲ್ಲ. ಎಂಥ ಸೂಕ್ಷ್ಮವಾದ ಮಾಧ್ಯಮ ಬಂದರೂ ಅದನ್ನು ತೋರಿಸಲಾರದು. ಭಾರತದ ಮೊದಲ ವಾಕ್ಚಿತ್ರ, 1931ರ ‘ಆಲಂ ಆರಾ’ದ ಗತಿಯೂ ಅದೇ. ಇನ್ನೊಂದು ಕಡೆ, ಯು. ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು 1977ರಲ್ಲಿ ನಿರ್ದೇಶಿಸಿದ ‘ಘಟಶ್ರಾದ್ಧ’ ಪುನರುದ್ಧಾರಗೊಂಡು, 2024ರಲ್ಲಿ ವೆನಿಸ್ ಚಿತ್ರೋತ್ಸವದ ಅಭಿಜಾತ ಕೃತಿಗಳ ವಿಭಾಗದಲ್ಲಿ ಪ್ರದರ್ಶಿತವಾಯಿತು. ಒಂದು ಉಳಿದಿತ್ತು, ಇನ್ನೊಂದು ಉಳಿಯಲಿಲ್ಲ. ಎರಡರ ನಡುವಿನ ಅಂತರ ಇಷ್ಟೇ. ಹಳೆಯ ಚಿತ್ರವೊಂದರ ಭವಿಷ್ಯ ತೀರ್ಮಾನವಾಗುವುದು ಅಂಗಡಿಯಲ್ಲಿ ಅಲ್ಲ. ತಗಡಿನ ಡಬ್ಬಿಯೊಂದನ್ನು ಎಸೆಯಲೋ ಇಡಲೋ ಎಂದು ಯಾರೋ ಒಬ್ಬರು ಯೋಚಿಸುವ ಆ ಒಂದು ಗಳಿಗೆಯಲ್ಲಿ.

ಆ ಇಟಲಿಯ ಕುಶಲಕರ್ಮಿಗಳ ಕೈಯಿಂದ ಬಂದ ‘ಪಥೇರ್ ಪಾಂಚಾಲಿ’ಯನ್ನು ಒಂದು ಸಂಜೆ ಗೆಳೆಯರೊಬ್ಬರ ಮನೆಯಲ್ಲಿ ನೋಡಿದೆ. ಕೊಳದ ನೀರಿನ ಮೇಲೆ ಕೀಟಗಳು ಓಡಾಡಿದವು. ಗಾಳ ಹಾಕಿ ಕುಳಿತವನ ಬೋಳುತಲೆಯ ಮೇಲೆ ಮೊದಲ ಹನಿ ಬಿದ್ದಿತು. ಆಮೇಲೆ ಮಳೆ ಸುರಿಯಿತು. ದುರ್ಗೆ ಕೂದಲು ಬಿಚ್ಚಿ ನೆನೆದಳು. ಈ ಸಲ ಅದು ಮಳೆಯೇ ಆಗಿತ್ತು.